ಮೂರು ಬಣ್ಣದ ಡಬ್ಬ, ಒಂದೇ ಮದ್ದು

ಹೋದ ವಾರ ಹಲಸೂರಿನ ಕಲ್ಯಾಣ ಮಂಟಪವೊಂದರಲ್ಲಿ ಊಟ ಮುಗಿಸಿ ಕೈ ತೊಳೆಯಲು ಹೋದೆ. ಗೋಡೆಗೆ ಸಿಕ್ಕಿಸಿದ್ದ ಸೋಪಿನ ಡಬ್ಬ ಒತ್ತಿದ್ದೇ ತಡ, ಹಸಿರು ಸೇಬಿನ ವಾಸನೆ ಮೂಗಿಗೆ ಬಡಿಯಿತು. ಹಿಂದೆ ನಿಂತಿದ್ದ ಹೆಂಗಸು "ಆಯ್ತೇನ್ರೀ?" ಎಂದು ಕೇಳುವವರೆಗೂ ನಲ್ಲಿ ತಿರುಗಿಸುವುದನ್ನೇ ಮರೆತು ನಿಂತಿದ್ದೆ. ಪಾಪ, ಅವರಿಗೆ ಏನಂತ ಹೇಳಲಿ? ಕುದುರೆಗೆ ಕೊಡುವ ಜಂತುಹುಳದ ಮದ್ದಿಗೂ ಇದೇ ವಾಸನೆ ಬೆರೆಸಿರುತ್ತಾರೆ, ಕುದುರೆ ಉಗುಳದಿರಲಿ ಎಂದು. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ನನ್ನ ಕೈಯಿಂದ ಹೋಗದೆ ಉಳಿದಿದ್ದ ವಾಸನೆ ಅದು.

ನಮ್ಮದು ಹೊರಮಾವು. ಹಿರಿಯರು ರಾಗಿ ಬೆಳೆಯುತ್ತಿದ್ದ ನೆಲದ ಮೇಲೆ ಈಗ ಅಪಾರ್ಟ್‌ಮೆಂಟುಗಳು ನಿಂತಿವೆ. ನನ್ನ ಪಾಲಿಗೆ ಉಳಿದದ್ದು ರಾಜಕಾಲುವೆಯ ಪಕ್ಕದ ಒಂದು ತುಂಡು, ಮನೆ ಕಟ್ಟಲು ಪರವಾನಗಿ ಸಿಗದ ಜಾಗ. ಶಾಲೆಯೊಂದರ ಆಫೀಸಿನಲ್ಲಿ ದುಡಿದು ನಿವೃತ್ತಳಾದ ಮೇಲೆ ಅಲ್ಲಿ ತಗಡಿನ ಲಾಯ ಹಾಕಿಸಿ ಕುದುರೆ ಕಟ್ಟಿದೆ. ಜಯಕ್ಕನಿಗೆ ತಲೆ ಕೆಟ್ಟಿದೆ ಎಂದು ನೆಂಟರೆಲ್ಲ ಆಡಿಕೊಂಡರು. ಆಡಿಕೊಳ್ಳಲಿ, ಅವರ ನಾಯಿಗಳಿಗೆ ಎ.ಸಿ. ಹಾಕಿಸಿದಾಗ ನಾನೇನಾದರೂ ಅಂದಿದ್ದೆನೇ? ನನ್ನವು ಎರಡು ಕುದುರೆ. ರಾಜ ಎಂಬ ಮುದಿ ಗಂಡು, ಪುಟ್ಟಿ ಎಂಬ ಗಿಡ್ಡ ಜಾತಿಯ ಹೆಣ್ಣು. ಶನಿವಾರ, ಭಾನುವಾರ ಅಪಾರ್ಟ್‌ಮೆಂಟಿನ ಮಕ್ಕಳು ಬಂದು ಸವಾರಿ ಕಲಿಯುತ್ತಿದ್ದವು. ಯಾದಗಿರಿ ಕಡೆಯ ಬಸಮ್ಮ ಲಾಯದ ಹಿಂದಿನ ಬಾಡಿಗೆ ಕೋಣೆಯಲ್ಲಿ ಗಂಡನ ಜೊತೆ ಇದ್ದಳು. ಹುಲ್ಲು, ಹುರುಳಿ, ಲದ್ದಿ ಬಾಚುವುದು ಎಲ್ಲ ಅವಳ ಕೈಯಲ್ಲಿ.

ಮೂರನೆಯದು ಅನ್ವರ್ ಭಾಯಿಯ ಬಿಳಿ ಕುದುರೆ ಚಾಂದನಿ. ಅನ್ವರ್ ಶಿವಾಜಿನಗರದವನು. ಅವನ ತಾತ ಕಂಟೋನ್ಮೆಂಟ್ ಸ್ಟೇಷನ್ನಿನ ಮುಂದೆ ಜಟಕಾ ಓಡಿಸುತ್ತಿದ್ದನಂತೆ. ಇವನು ಮದುವೆ ಗಂಡುಗಳನ್ನು ಕುದುರೆ ಮೇಲೆ ಕೂರಿಸಿ ಮೆರವಣಿಗೆ ಮಾಡಿಸುವವನು. ಚಾಂದನಿ ಗಬ್ಬವಾದಾಗ ಗಲ್ಲಿಯಲ್ಲಿ ಅವಳಿಗೆ ಹಸಿರು ಹುಲ್ಲಿಲ್ಲವೆಂದು ನನ್ನಲ್ಲಿ ತಂದು ಬಿಟ್ಟ. ಬೇಸಿಗೆ ಶುರುವಾಗುವ ಹೊತ್ತಿಗೆ ಹೆಣ್ಣು ಮರಿ ಹುಟ್ಟಿತು. ಅಚ್ಚ ಬಿಳಿ ಆಗುವ ಲಕ್ಷಣದ ಬೂದು ಮರಿ. ಮುನ್ನಿ ಎಂದು ಹೆಸರಿಟ್ಟ. ಚಾಂದನಿಗೆ ವಯಸ್ಸಾಗಿತ್ತು, ಬ್ಯಾಂಡಿನ ಸದ್ದಿಗೆ ಬೆಚ್ಚತೊಡಗಿದ್ದಳು. ಅವಳಾದ ಮೇಲೆ ಅವನ ಕಸುಬು ನಡೆಯಬೇಕಾದದ್ದು ಈ ಮರಿಯ ಬೆನ್ನ ಮೇಲೆಯೇ.

ನನ್ನ ಲಾಯದಲ್ಲಿ ಒಂದು ಪದ್ಧತಿ ಇತ್ತು. ನಮ್ಮಜ್ಜಿ ಮನೆಯ ಮಕ್ಕಳನ್ನೆಲ್ಲ ಅಮಾವಾಸ್ಯೆ ದಿನ ಸಾಲಾಗಿ ನಿಲ್ಲಿಸಿ ಹರಳೆಣ್ಣೆ ಕುಡಿಸುತ್ತಿದ್ದಳು. ನಾನು ಅದನ್ನೇ ಕುದುರೆಗಳಿಗೆ ತಂದೆ. ಎರಡು ಅಮಾವಾಸ್ಯೆಗೊಮ್ಮೆ ಎಲ್ಲ ಕುದುರೆಗೂ ಜಂತುಹುಳದ ಪೇಸ್ಟು. ಹುಳ ಇರಲಿ ಬಿಡಲಿ, ಪೇಸ್ಟು ತಪ್ಪುವಂತಿಲ್ಲ. ಒಂದೇ ಮದ್ದು ಕೊಟ್ಟರೆ ಹುಳ ಅದಕ್ಕೆ ಪಳಗಿಬಿಡುತ್ತದೆ ಎಂದು ಎಲ್ಲೋ ಕೇಳಿದ್ದೆ. ಅದಕ್ಕೆ ಡಬ್ಬ ಬದಲಾಯಿಸುತ್ತಿದ್ದೆ. ಒಂದು ಸಲ ಹಸಿರು ಡಬ್ಬ, ಮುಂದಿನ ಸಲ ನೀಲಿ, ಅದರ ಮುಂದಿನ ಸಲ ಕೆಂಪು. ಕ್ಯಾಲೆಂಡರಿನಲ್ಲಿ ಅದೇ ಬಣ್ಣದ ಚುಕ್ಕೆ ಇಡುತ್ತಿದ್ದೆ. ಪಿಚಕಾರಿಯಂಥ ಆ ಟ್ಯೂಬಿನ ಕಡ್ಡಿಗೆ ಒಂದು ಬಳೆ ಇರುತ್ತದೆ, ಕುದುರೆಯ ತೂಕ ನೋಡಿ ಅದನ್ನು ತಿರುಗಿಸಿ ಅಳತೆ ಇಡಬೇಕು. ಅದು ಬಿಗಿ. ನನ್ನ ಬೆರಳಿಗೆ ಬಗ್ಗುತ್ತಿರಲಿಲ್ಲ. ಕಣ್ಣಂದಾಜಿನಲ್ಲಿ ಇವನಿಗಿಷ್ಟು, ಇವಳಿಗಿಷ್ಟು ಎಂದು ಒತ್ತುತ್ತಿದ್ದೆ. ಬಂದವರಿಗೆಲ್ಲ ಆ ಕ್ಯಾಲೆಂಡರ್ ತೋರಿಸಿ ಬೀಗುತ್ತಿದ್ದೆ ಎಂಬುದನ್ನು ಈಗ ಬರೆಯಲೂ ನಾಚಿಕೆಯಾಗುತ್ತದೆ.

ಆ ವರ್ಷ ಮಳೆ ಬೇಗ ಹಿಡಿಯಿತು. ಆಷಾಢದ ಹೊತ್ತಿಗೆ ಮುನ್ನಿಯ ಹೊಟ್ಟೆ ಉಬ್ಬಿತು, ಪಕ್ಕೆಲುಬು ಕಾಣತೊಡಗಿತು. ಕೂದಲು ಒರಟಾಯಿತು, ಆಗಾಗ ಕೆಮ್ಮು. ರಾಜನ ಗೊರಸು ನೋಡಲು ಬಂದ ಡಾಕ್ಟರ್ ರೀಟಾ ಮರಿಯ ಮುಂದೆ ನಿಂತೇ ಬಿಟ್ಟರು. ಅವರು ಕುಕ್ ಟೌನಿನವರು, ಹಳೆಯ ಬಂಗಲೆಯ ಮುಂದಿನ ಕೋಣೆಯಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು ಪ್ರಾಣಿಗಳಿಗೆ ಔಷಧ ಮಾಡುವವರು.

"ಯಾವಾಗ ಡೀವರ್ಮ್ ಮಾಡಿದ್ರಿ?" ಎಂದರು.

"ನಾಡಿದ್ದು ಅಮಾವಾಸ್ಯೆ. ಅವತ್ತು ಇದೆ. ಒಂದು ಸಲಾನೂ ತಪ್ಪಿಸಿಲ್ಲ" ಎಂದೆ, ಎದೆ ಉಬ್ಬಿಸಿ.

"ಹಂಗಾದ್ರೆ ಇವತ್ತು ಒಂದ್ಸಲ ಲದ್ದಿ ಕೊಡಿ. ಪೇಸ್ಟ್ ಹಾಕಿ ಎರಡು ವಾರ ಬಿಟ್ಟು ಇನ್ನೊಂದ್ಸಲ ಕೊಡಿ. ಮೊಟ್ಟೆ ಎಣಿಸಿ ನೋಡೋಣ."

ಹುಳದ ಮೊಟ್ಟೆ ಎಣಿಸುವುದೇ! ನನಗೆ ನಗು ಬಂತು. ಆದರೂ ಕೊಟ್ಟೆ. ಅಮಾವಾಸ್ಯೆಗೆ ನೀಲಿ ಡಬ್ಬದ ಪೇಸ್ಟು ಹಾಕಿದೆ. ಎರಡು ವಾರದ ಮೇಲೆ ಮುನ್ನಿಯ ಬಿಸಿ ಲದ್ದಿಯನ್ನು ಹಳೆಯ ಮೊಸರಿನ ಡಬ್ಬದಲ್ಲಿ ತುಂಬಿ, ಬೆಳಿಗ್ಗೆ ಕೊಡೋಣವೆಂದು ಫ್ರಿಜ್ಜಿನಲ್ಲಿಟ್ಟೆ. ನನ್ನ ತಂಗಿ ಅದನ್ನು ಮೊಸರೆಂದು ತೆರೆದು, ಆಮೇಲೆ ಒಂದು ತಿಂಗಳು ನಮ್ಮ ಮನೆಯಲ್ಲಿ ನೀರು ಕೂಡ ಕುಡಿಯಲಿಲ್ಲ.

ಮಂಗಳವಾರ ಫಲಿತಾಂಶ ಕೇಳಲು ಕುಕ್ ಟೌನಿಗೆ ಹೋದೆ. ಡಾಕ್ಟರ್ ಸೂಕ್ಷ್ಮದರ್ಶಕದಲ್ಲಿ ನೋಡಿ ಎಂದು ಕುರ್ಚಿ ಬಿಟ್ಟುಕೊಟ್ಟರು. ದಪ್ಪ ಸಿಪ್ಪೆಯ ಕಂದು ಗುಂಡುಗಳು, ನೋಡಿದ ಕಡೆಯೆಲ್ಲ. ಪೇಸ್ಟಿಗೆ ಮುಂಚೆ ಎಷ್ಟಿದ್ದವೋ ಆಮೇಲೂ ಅಷ್ಟೇ ಇದ್ದವು. ಒಂದು ಹುಳವೂ ಸತ್ತಂತಿರಲಿಲ್ಲ.

"ಇದು ಆಗೋದಿಲ್ಲ. ನಾನು ಪ್ರತಿ ಸಲ ಮದ್ದು ಬದಲಾಯಿಸ್ತೀನಿ" ಎಂದೆ.

ನನ್ನ ಚೀಲದಲ್ಲಿದ್ದ ಖಾಲಿ ಡಬ್ಬಗಳನ್ನು ಅವರು ಮೇಜಿನ ಮೇಲೆ ಸಾಲಾಗಿಟ್ಟರು. ತೋರಿಸಬೇಕೆಂದು ನಾನೇ ಹೆಮ್ಮೆಯಿಂದ ತಂದಿದ್ದೆ. "ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಏನಿದೆ ಓದಿ" ಎಂದರು.

ಓದಿದೆ. ಹಸಿರಿನಲ್ಲಿ ಐವರ್ಮೆಕ್ಟಿನ್. ನೀಲಿಯಲ್ಲಿ ಐವರ್ಮೆಕ್ಟಿನ್. ಕೆಂಪಿನಲ್ಲೂ ಅದೇ.

"ಕಂಪನಿ ಮೂರು, ಮದ್ದು ಒಂದೇ ರೀ. ಅದನ್ನೂ ಕಣ್ಣಳತೇಲಿ ಕಮ್ಮಿ ಕಮ್ಮಿ ಕೊಟ್ಟಿದೀರ. ಸಾಯೋ ಹುಳ ಸತ್ವು, ತಡ್ಕೊಂಡಿದ್ದು ಉಳ್ಕೊಂಡು ಮರಿ ಹಾಕ್ತು. ವರ್ಷಗಟ್ಟಲೆ ನೀವು ಸಾಕಿರೋದು ಅದನ್ನೇ. ಈ ಮರಿ ಅದೇ ನೆಲದಲ್ಲಿ ಮೇದಿದೆ."

ಇಪ್ಪತ್ತೆಂಟು ವರ್ಷ ಶಾಲೆಯ ಕಾಗದಪತ್ರ ಓದಿದವಳು ನಾನು. ನನಗೆ ಓದಲು ಬರುತ್ತಿತ್ತು, ಓದಿರಲಿಲ್ಲ. ಮುಖ ಬೆಂದುಹೋದ ಹಾಗಾಯಿತು.

ಡಾಕ್ಟರಿಗೆ ಅದಕ್ಕಿಂತ ದೊಡ್ಡ ಚಿಂತೆ ಇತ್ತು. "ಹೊಟ್ಟೆ ತುಂಬಾ ಹುಳ ಇದೆ. ಎಲ್ಲಾ ಒಟ್ಟಿಗೆ ಸತ್ರೆ ಉಂಡೆ ಆಗಿ ಕರುಳಿಗೆ ಅಡ್ಡ ಕೂತ್ಕೊಳ್ಳುತ್ತೆ. ನಿಧಾನಕ್ಕೆ ಕೊಲ್ಲೋ ಮದ್ದನ್ನ ತೂಕ ನೋಡಿ ನಾನೇ ಕೊಡ್ಬೇಕು. ನಾಳೆಯಿಂದ ಊರಲ್ಲಿರಲ್ಲ, ಶನಿವಾರ ಬರ್ತೀನಿ. ಅಲ್ಲೀವರೆಗೂ ಯಾರೂ ಏನೂ ಕೊಡ್ಬಾರ್ದು. ಅನ್ವರ್ ಅವರಿಗೂ ಹೇಳಿ." ಎಣಿಕೆಯ ಚೀಟಿ ಬರೆದು ಕೈಗಿಟ್ಟರು. "ಹೇಳ್ತೀನಿ" ಎಂದು ಮಡಿಸಿ ಪರ್ಸಿಗೆ ಹಾಕಿಕೊಂಡೆ.

ಹೇಳಲಿಲ್ಲ. ಬುಧವಾರ ಫೋನ್ ಎತ್ತಿ ಎರಡು ಸಲ ಇಟ್ಟೆ. ಗುರುವಾರ ಅವನೇ ಬಂದ. ಮರಿಯ ಬೆನ್ನು ಸವರಿ, "ಬಚ್ಚಿ ಸೊರಗವಳಲ್ಲಾ ಅಕ್ಕಾ?" ಎಂದ. ಅವನ ಮುಖದಲ್ಲಿ ಅನುಮಾನದ ಒಂದು ಗೆರೆಯೂ ಇರಲಿಲ್ಲ.

"ಮಳೆಗಾಲ ನೋಡು. ಸ್ವಲ್ಪ ಇಳಿದಿದ್ದಾಳೆ. ಸರಿಹೋಗ್ತಾಳೆ" ಎಂದೆ.

"ನಿಮ್ ಕೈಯಾಗೆ ಅವ್ಳೆ ಅಂತ್ಲೇ ನಾನ್ ನಿದ್ದೆ ಮಾಡ್ತೀನಿ" ಎಂದು ನಕ್ಕು ಹೋದ. ಪರ್ಸು ನನ್ನ ಕಂಕುಳಲ್ಲೇ ಇತ್ತು. ಶನಿವಾರ ಡಾಕ್ಟರ್ ಬರುತ್ತಾರೆ, ಮರಿ ಸುಧಾರಿಸುತ್ತದೆ, ಆಮೇಲೆ ಎಂದಾದರೂ ತಮಾಷೆ ಮಾಡಿ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಆ ಕ್ಯಾಲೆಂಡರಿನ ಮುಂದೆ ಸಣ್ಣವಳಾಗಲು ಮನಸ್ಸು ಒಪ್ಪಲಿಲ್ಲ.

ಶನಿವಾರ ಬೆಳಿಗ್ಗೆ ಬಸಮ್ಮ ಮನೆಗೇ ಓಡಿಬಂದಳು. "ಅಕ್ಕೋರೆ, ಮರಿ ನೆಲಕ್ಕ ಬಿದ್ದದರಿ. ಹೊಟ್ಟಿ ಕಡಿ ಹೊಳ್ಳಿ ಹೊಳ್ಳಿ ನೋಡ್ಲಕತ್ತದರಿ."

ಓಡಿದೆ. ಮುನ್ನಿ ಒದ್ದೆ ಹುಲ್ಲಿನ ಮೇಲೆ ಹೊರಳುತ್ತಿತ್ತು, ಮೈಯೆಲ್ಲ ಬೆವರು. ಚಾಂದನಿ ಕಟ್ಟಿದ ಹಗ್ಗ ಜಗ್ಗಿ ಕೂಗುತ್ತಿದ್ದಳು. ಏನು ತಿಂದಿತು ಎಂದು ಕೇಳಿದರೆ ಬಸಮ್ಮ, "ಏನೂ ಇಲ್ರಿ. ನಿನ್ನಿ ಸಂಜಿಮುಂದ ಭಾಯಿ ಬಂದು ಹುಳದ ಎಣ್ಣಿ ಹಾಕಿಹೋದರಲ್ರಿ. ನಿಮಗ ಗೊತ್ತದ ಅಂದ್ಕೊಂಡಿದ್ದೆ" ಎಂದಳು.

ಅನ್ವರನಿಗೆ ಫೋನ್ ಮಾಡಿದೆ. ಅವನಿಗೆ ಮರಿಯ ಹೊಟ್ಟೆ ನೋಡಿ ಸಮಾಧಾನವಾಗಿರಲಿಲ್ಲ. ಶಿವಾಜಿನಗರದ ಒಂದು ಔಷಧದಂಗಡಿಯಲ್ಲಿ ಕೇಳಿ, ಕರುಗಳಿಗೆ ಕುಡಿಸುವ ಜಂತುಹುಳದ ಸಿರಪ್ಪಿನ ಬಾಟಲಿ ತಂದು ಮುಕ್ಕಾಲು ಕುಡಿಸಿದ್ದ. "ಹುಳ ಇದ್ರೆ ಹೋಗ್ಲಿ ಅಂತ ಅಕ್ಕಾ. ತಪ್ಪಾಯ್ತಾ?" ಎಂದ. ಹುಳಗಳನ್ನು ಒಂದೇ ಏಟಿಗೆ ಮರಗಟ್ಟಿಸುವ ಮದ್ದು ಅದು. ಡಾಕ್ಟರ್ ಬೇಡವೆಂದದ್ದು ಇದನ್ನೇ.

ಡಾಕ್ಟರಿಗೆ ಫೋನ್ ಮಾಡಿದರೆ ಅವರು ಆಗಲೇ ದಾರಿಯಲ್ಲಿದ್ದರು. "ಮಲಗೋಕೆ ಬಿಡ್ಬೇಡಿ, ನಡೆಸ್ತಾ ಇರಿ" ಎಂದರು. ಬಸಮ್ಮ ಮುಂದಿನಿಂದ, ನಾನು ಹಿಂದಿನಿಂದ, ಮರಿಯನ್ನು ಎಬ್ಬಿಸಿ ನಡೆಸಿದೆವು. ಹತ್ತು ಹೆಜ್ಜೆ ಇಟ್ಟು ಮಂಡಿ ಮಡಚುತ್ತಿತ್ತು. ಮತ್ತೆ ಎಬ್ಬಿಸುವುದು, ಮತ್ತೆ ಹತ್ತು ಹೆಜ್ಜೆ. ಅರ್ಧ ಗಂಟೆ ಕಳೆದರೂ ಡಾಕ್ಟರ್ ಬರಲಿಲ್ಲ. ರೈಲ್ವೆ ಅಂಡರ್‌ಪಾಸಿನಲ್ಲಿ ನೀರು ನಿಂತು ಗಾಡಿಗಳೆಲ್ಲ ಸಿಕ್ಕಿಬಿದ್ದಿದ್ದವು. ಕೊನೆಗೆ ಕಾರನ್ನು ಅಲ್ಲೇ ಬಿಟ್ಟು, ಪ್ಯಾಂಟು ಮಂಡಿಯವರೆಗೆ ಮಡಚಿ, ಚೀಲ ತಲೆಯ ಮೇಲೆ ಹೊತ್ತು ನಡೆದೇ ಬಂದರು. ಹಿಂದೆಯೇ ಅನ್ವರ್ ಬಂದ, ಅವನೂ ಸೊಂಟದವರೆಗೆ ಒದ್ದೆ. ಕೈಯಲ್ಲಿ ಆ ಬಾಟಲಿ.

ಡಾಕ್ಟರ್ ಬಾಟಲಿ ಓದಿ ನನ್ನ ಕಡೆ ನೋಡಿದರು. "ನೀವು ಇವರಿಗೆ ಹೇಳಿಲ್ವಾ?" ಎಂದು ಕೇಳುತ್ತಾರೆಂದುಕೊಂಡೆ. ಕೇಳಲಿಲ್ಲ. ಅದಕ್ಕೆ ಸಮಯವಿರಲಿಲ್ಲ.

ನೋವಿನ ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿದರು. ಹುಳಿ ನೀರು ಬಕೆಟ್ಟಿಗೆ ಸುರಿಯಿತು. ಅದರಲ್ಲಿ ಬಿಳಿಯ ಉದ್ದನೆಯ ಹುಳಗಳು ಬಂದವು, ಪೆನ್ಸಿಲ್ ದಪ್ಪದವು, ಕೆಲವು ಇನ್ನೂ ನಿಧಾನವಾಗಿ ಮಿಸುಕುತ್ತಿದ್ದವು. ಅನ್ವರ್ ಕಣ್ಣು ಮುಚ್ಚಿಕೊಂಡ. ಅದೇ ಕೊಳವೆಯಲ್ಲಿ ಜಾರಲೆಂದು ಪ್ಯಾರಾಫಿನ್ ಎಣ್ಣೆ ಇಳಿಸಿದರು, ಕುತ್ತಿಗೆಗೆ ಸಲೈನ್ ಹಾಕಿದರು. ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಕರುಳು ಸದ್ದೇ ಮಾಡ್ತಿಲ್ಲ. ಆಪರೇಷನ್‌ಗೆ ಅಂತ ಇವಳನ್ನ ಸಾಗಿಸೋಕೂ ಆಗಲ್ಲ, ದಾರೀಲೇ ಹೋಗ್ತಾಳೆ. ಲದ್ದಿ ಹಾಕಿದ್ರೆ ಉಳೀತಾಳೆ. ಕಾಯೋಣ" ಎಂದರು.

ಕಾದೆವು. ಮಳೆ ತಗಡಿನ ಮೇಲೆ ಬೀಳುತ್ತಲೇ ಇತ್ತು. ಸವಾರಿಗೆ ಬಂದ ಮಕ್ಕಳನ್ನು ಬಸಮ್ಮ ಗೇಟಿನಿಂದಲೇ ವಾಪಸು ಕಳಿಸಿದಳು. ಅನ್ವರ್ ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. "ನಾನೇ ವಿಷ ಹಾಕ್ದೆ. ಯಾ ಅಲ್ಲಾ, ನನ್ ಕೈಯಾರೆ ಹಾಕ್ದೆ" ಎನ್ನುತ್ತಿದ್ದ, ಮತ್ತೆ ಮತ್ತೆ. ಪ್ರತಿ ಸಲವೂ ಆ ಮಾತು ನನಗೆ ಹೊಡೆದಂತಾಗುತ್ತಿತ್ತು. ಬಾಯಿ ತೆರೆದರೆ ಸಾಕಿತ್ತು. ಮರಿ ಸಾಯುತ್ತಿರುವಾಗ ಇದನ್ನು ಹೇಗೆ ಹೇಳುವುದು ಎಂದುಕೊಂಡೆ. ಹೇಡಿಗೆ ನೆಪ ಎಷ್ಟು ಬೇಗ ಸಿಗುತ್ತದೆ ಎಂದು ಆವತ್ತು ನನಗೆ ಗೊತ್ತಾಯಿತು.

ಒಂದು ಗಂಟೆಗೆ ಮರಿಯ ಒಸಡು ಬಿಳಚಿತು. ಎರಡಕ್ಕೆ ಇನ್ನೊಂದು ಬಾಟಲಿ ಸಲೈನ್. ಮೂರಾದ ಮೇಲೆ ಡಾಕ್ಟರ್ ಮತ್ತೆ ಹೊಟ್ಟೆಗೆ ಕಿವಿಗೊಟ್ಟು, ಕೈಯೆತ್ತಿ ಎಲ್ಲರೂ ಸುಮ್ಮನಿರಿ ಎಂದರು. ಒಳಗೆ ಏನೋ ಗುಡುಗುಡು ಎಂದಿತಂತೆ. ನಾಲ್ಕರ ಹೊತ್ತಿಗೆ ಮುನ್ನಿ ತಾನಾಗಿ ಎದ್ದು ನಿಂತು, ಬಾಲ ಎತ್ತಿ, ಎಣ್ಣೆಯಲ್ಲಿ ತೊಯ್ದ ಲದ್ದಿ ಹಾಕಿತು. ಅದರ ತುಂಬ ಹೆಣೆದುಕೊಂಡ ಹುಳಗಳ ಗಂಟು. ಅಷ್ಟು ಹೇಸಿಗೆಯ ವಸ್ತುವನ್ನು ನೋಡಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಬಸಮ್ಮ ಅತ್ತೇಬಿಟ್ಟಳು.

ಅನ್ವರ್ ಎದ್ದು ಬಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. "ನಾನ್ ಕೊಂದಿದ್ದೆ ಅಕ್ಕಾ. ನೀವ್ ಉಳಿಸ್ದ್ರಿ. ಸಾಯೋಗಂಟ ಮರೆಯಲ್ಲ."

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮರಿ ಉಳಿದಿತ್ತು, ತಪ್ಪು ಅವನ ತಲೆಯ ಮೇಲಿತ್ತು, ಹೊಗಳಿಕೆ ನನ್ನ ಮೇಲೆ. ಡಾಕ್ಟರ್ ನೀರು ತುಂಬಿದ ಶೂ ಬಿಚ್ಚಿ ಕೊಡವುತ್ತ ನನ್ನ ಕಡೆ ನೋಡದೆ ಕೂತಿದ್ದರು. ಅವರು ನೋಡಿದ್ದರೆ ಬಹುಶಃ ನಾನು ಹೇಳುತ್ತಿರಲಿಲ್ಲ. ಕೈ ಬಿಡಿಸಿಕೊಂಡು ಪರ್ಸಿನಿಂದ ಚೀಟಿ ತೆಗೆದೆ. ಅನ್ವರನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನಾನೇ ಓದಿ ಹೇಳಿದೆ. ನನ್ನ ಪೇಸ್ಟು ಕೆಲಸ ಮಾಡಿರಲಿಲ್ಲ, ಡಬ್ಬ ಮೂರಾದರೂ ಮದ್ದು ಒಂದೇ ಆಗಿತ್ತು, ಆ ಹುಳ ನನ್ನ ಲಾಯದಲ್ಲಿ ಬೆಳೆದದ್ದು, ಬೇರೆ ಮದ್ದು ಯಾರೂ ಕೊಡಬಾರದು ಎಂದು ನಿನಗೆ ತಿಳಿಸಲು ಡಾಕ್ಟರ್ ಹೇಳಿದ್ದರು. ಎಲ್ಲ ಹೇಳಿದೆ.

ಅವನು ಚೀಟಿಯನ್ನೇ ನೋಡುತ್ತಿದ್ದ. "ಇದು ಯಾವತ್ ಗೊತ್ತಾಯ್ತು ನಿಮ್ಗೆ?"

"ಮಂಗಳವಾರ."

"ನಾನ್ ಗುರುವಾರ ಬಂದಿದ್ನಲ್ಲ" ಎಂದ. ಅಷ್ಟೇ ಅಂದದ್ದು.

ಮರುದಿನ ಟೆಂಪೋ ತಂದ. ತಾಯಿ ಮರಿ ಎರಡನ್ನೂ ಶಿವಾಜಿನಗರಕ್ಕೆ ಕರೆದೊಯ್ಯುತ್ತೇನೆ ಎಂದ. ಡಾಕ್ಟರ್ ಫೋನಿನಲ್ಲಿ ಖಡಾಖಂಡಿತವಾಗಿ ಬೇಡವೆಂದರು. ಅಲ್ಲಿ ಅವನ ಅಣ್ಣನ ಮೂರು ಕುದುರೆಗಳಿದ್ದವು. ಮದ್ದಿಗೆ ಬಗ್ಗದ ಹುಳ ಇವುಗಳ ಹೊಟ್ಟೆಯಲ್ಲಿ ಕೂತು ಅಲ್ಲಿಗೂ ಹೋಗುತ್ತದೆ, ಆಮೇಲೆ ಅವಕ್ಕೂ ಇದೇ ಗತಿ. ಇಬ್ಬರಿಗೂ ಬೇರೆ ಮದ್ದು ಕೊಟ್ಟು, ಎರಡು ವಾರ ಬಿಟ್ಟು ಎಣಿಸಿ, ಮೊಟ್ಟೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಸ್ಥಳ ಬಿಡಬೇಕು. ಯಾರ ಮುಖ ನೋಡಲು ಇಷ್ಟವಿರಲಿಲ್ಲವೋ ಅವರ ಬಾಗಿಲಲ್ಲೇ ಅವನ ಕುದುರೆಗಳು ಉಳಿಯಬೇಕಾಯಿತು. ಟೆಂಪೋ ಬರಿದೇ ವಾಪಸು ಹೋಯಿತು.

ಮರಿ ಚೇತರಿಸಿಕೊಂಡ ಮೇಲೆ ಡಾಕ್ಟರ್ ಎದೆ ಸುತ್ತ ಟೇಪು ಹಿಡಿದು ತೂಕ ಲೆಕ್ಕ ಹಾಕಿ ತಾಯಿಗೂ ಮರಿಗೂ ಮದ್ದು ಕೊಟ್ಟರು. ನನ್ನ ಎರಡು ಕುದುರೆಗಳ ಲದ್ದಿಯನ್ನೂ ನೋಡಿದರು. ರಾಜನಿಗೆ ಮದ್ದೇ ಬೇಕಿರಲಿಲ್ಲ. ಅಷ್ಟು ವರ್ಷ ಅವನ ಬಾಯಿಗೆ ಸುಮ್ಮನೆ ತುರುಕಿದ್ದೆ. ಬಸಮ್ಮ ಮತ್ತು ನಾನು ಮೇವಿನ ಜಾಗದ ಲದ್ದಿಯನ್ನು ದಿನಕ್ಕೆರಡು ಸಲ ಬಾಚಿ ಚೀಲಕ್ಕೆ ತುಂಬತೊಡಗಿದೆವು. ಅನ್ವರ್ ದಿನವೂ ಶಿವಾಜಿನಗರದಿಂದ ಬರುತ್ತಿದ್ದ. ಮರಿಯ ಮೈ ಉಜ್ಜುತ್ತಿದ್ದ, ಬಸಮ್ಮನ ಜೊತೆ ಮಾತಾಡುತ್ತಿದ್ದ. ನನ್ನನ್ನು "ಮೇಡಂ" ಎನ್ನತೊಡಗಿದ. ಆ ಒಂದು ಮಾತಿಗೆ ನಾನು ಎಷ್ಟು ಒದ್ದಾಡಿದೆನೆಂದು ಅವನಿಗೆ ಗೊತ್ತಿದ್ದರೆ ಅವನಿಗೇ ಕನಿಕರವಾಗುತ್ತಿತ್ತೇನೋ. ಎರಡು ವಾರವಾದ ಮೇಲೆ ಲದ್ದಿಯ ಡಬ್ಬವನ್ನು ನನ್ನ ಕೈಗೆ ಕೊಡದೆ ತಾನೇ ಕುಕ್ ಟೌನಿಗೆ ಒಯ್ದ.

ಅದಾದ ಎರಡನೆಯ ದಿನ ಮತ್ತೆ ಟೆಂಪೋ ತಂದು ಗೇಟಿನ ಮುಂದೆ ನಿಲ್ಲಿಸಿದ. ಹಿಂದಿನ ಬಾಗಿಲು ತೆರೆದು, ಹಲಗೆ ಇಳಿಸಿ, ಹುಲ್ಲು ಹಾಸಿದ್ದ. ಜೇಬಿನಿಂದ ಡಾಕ್ಟರ ಚೀಟಿ ತೆಗೆದು ನನಗೆ ಕೊಟ್ಟ.

"ಓದಿ ಮೇಡಂ. ನನ್ ಮುಂದೇನೇ ಓದಿ."

ಮೊದಲ ಸಾಲು ಮುನ್ನಿಯದು. ಸೊನ್ನೆ. ಗಟ್ಟಿಯಾಗಿ ಓದಿದೆ, ಅವನು ತಲೆಯಾಡಿಸಿದ. ಎರಡನೆಯ ಸಾಲು ಚಾಂದನಿಯದು. ದೊಡ್ಡ ಕುದುರೆಗಳಿಗೆ ಹೆಚ್ಚಾಗಿ ಬರುವುದು ಬೇರೆ ಜಾತಿಯ ಹುಳ, ಈ ಹೊಸ ಮದ್ದಿಗೂ ಅದು ಪೂರ್ತಿ ಬಗ್ಗಿರಲಿಲ್ಲ. ಸಂಖ್ಯೆ ಇಳಿದಿತ್ತು, ಹೋಗಿರಲಿಲ್ಲ. ಅದನ್ನು ಬಿಟ್ಟು ಓದಿದ್ದರೆ ಐದು ನಿಮಿಷದಲ್ಲಿ ಟೆಂಪೋ ಹೊರಡುತ್ತಿತ್ತು. ಆ ಮೌನ, ಆ "ಮೇಡಂ", ದಿನ ಬೆಳಗಾದರೆ ಅವನ ಮುಂದೆ ತಲೆ ತಗ್ಗಿಸುವುದು, ಎಲ್ಲ ಮುಗಿಯುತ್ತಿತ್ತು. ಅದು ಮನಸ್ಸಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಚಾಂದನಿಯದು ಇನ್ನೂ ಇದೆ. ಅವಳು ಹೋಗೋ ಹಾಗಿಲ್ಲ. ಮತ್ತೆ ಬೇರೆ ಮದ್ದು ನೋಡ್ಬೇಕು, ಮತ್ತೆ ಎರಡು ವಾರ ಕಾಯ್ಬೇಕು. ಇದೂ ನನ್ನ ಲಾಯದ್ದೇ" ಎಂದೆ.

ಅವನು ಚೀಟಿ ವಾಪಸು ತೆಗೆದುಕೊಂಡು ನಿಧಾನವಾಗಿ ಮಡಿಸಿದ. "ಗೊತ್ತು. ಡಾಕ್ಟ್ರಮ್ಮ ನಿನ್ನೇನೇ ಫೋನ್ ಮಾಡಿ ಹೇಳಿದ್ರು."

"ಮತ್ತೆ ಟೆಂಪೋ ಯಾಕೆ ತಂದೆ?"

"ನೀವ್ ಎರಡನೇ ಲೈನ್ ಓದ್ತೀರೋ ಇಲ್ವೋ ಅಂತ" ಎಂದ. ಆಮೇಲೆ ಡ್ರೈವರಿನ ಕಡೆ ತಿರುಗಿ, ಹಲಗೆ ಎತ್ತಿಕೊಂಡು ಹೋಗಲು ಕೈಸನ್ನೆ ಮಾಡಿದ.